ನೆತ್ತಿಯ ಹಗ್ಗದ ಕಲ್ಲು

ಮದುವೆ ಫೋಟೊ ತೆಗೆಯುವ ನನ್ನ ಷಡ್ಡಕ ಲುವ್ಸನ್
ಸಾಕಾಗಿ ಬಿಸಾಕಿದ್ದ ಟ್ರೈಪಾಡು.
ಹಗುರ ಅಂದರೆ ಹಗುರ, ಒಂದೇ ಬೆರಳಿಗೆ ಸಿಕ್ಕಿಸಿ ಕುಣಿಸಬಹುದು.
ಕ್ಯಾಮೆರಾ ಹೊತ್ತು, ಮದುಮಗಳ ಎದುರು
ಅರೆಗಳಿಗೆ ನಿಂತರೆ ಅದರ ಕೆಲಸ ಮುಗಿಯಿತು.
ನಾನದರ ತಲೆಯ ಮೇಲೆ ದೂರದರ್ಶಕ ಕೂರಿಸಿದೆ.

ನಾನು ದನದ ಡಾಕ್ಟರು. ಇಲ್ಲಿ, ಗೋಬಿ ಮರುಭೂಮಿಯಲ್ಲಿ,
ಒಂದು ಮಂದೆಯಿಂದ ಇನ್ನೊಂದಕ್ಕೆ ನಲವತ್ತು ಕಿಲೋಮೀಟರು.
ಜೀಪಿನ ಹಿಂದೆ ಲಸಿಕೆಯ ಪೆಟ್ಟಿಗೆ, ಐಸು,
ಕುರಿಮರಿ ತೂಗುವ ಕೊಕ್ಕೆತಕ್ಕಡಿ,
ಕಂಬಳಿಯಲ್ಲಿ ಸುತ್ತಿದ ಎಪ್ಪತ್ತು ಮಿಲಿಮೀಟರಿನ ಗಾಜು.

ಆ ಸಂಜೆ ದುಲ್ಮಾಳ ಗೆರ್, ಉಣ್ಣೆಹಾಸಿನ ದುಂಡುಮನೆ.
ಮುನ್ನೂರು ಆಡು, ಮುನ್ನೂರು ಸೂಜಿ,
ಉಪ್ಪು ಹಾಕಿದ ಹಾಲುಚಹಾ ಮೂರು ಬಟ್ಟಲು.
ಕತ್ತಲಾದ ಮೇಲೆ ಕೊಳವೆ ಹೊರಗೆ ತಂದೆ.

ದಪ್ಪಗಾಲು ಮೊದಲು ಎಳೆಯಬೇಕು, ಸಣಕಲು ಒಳಗೇ ಇರಲಿ.
ನಡುಗಂಬ ಎತ್ತಬಾರದು. ಎತ್ತಿದೆಯೋ, ಕೊಕ್ಕರೆಯ ಕುತ್ತಿಗೆ.
ಒಂದು ಕಾಲು ಕೊಳವೆ ನೋಡುವ ದಿಕ್ಕಿಗೇ ಚಾಚಿರಲಿ.
ಇಷ್ಟು ಗೊತ್ತಿತ್ತು. ಗೊತ್ತಿದ್ದೂ
ತಿರುಪು ಸಡಿಲಿಸಿದ್ದೇ ತಡ
ಮೂತಿ ದಬಕ್ಕನೆ ನೆಲ ನೋಡಿತು,
ನೀರು ಕಂಡ ಒಂಟೆಯ ಹಾಗೆ.

ಭಾರವೆಲ್ಲ ಮುಂದೆ. ಹಿಂದೆ ಬರೀ ಟೊಳ್ಳು.
ಕೊಳವೆಯನ್ನು ಪಟ್ಟಿಯ ಮೇಲೆ ಬೆರಳಗಲ ಹಿಂದಕ್ಕೆ ಸರಿಸಿದೆ.
ಇನ್ನೊಂದು ಬೆರಳು. ಈಗ ಬಾಲ ಕುಸಿಯಿತು.
ಅರ್ಧ ಬೆರಳು ಮುಂದೆ.
ಕೈ ಬಿಟ್ಟೆ. ನಿಂತಿತು!
ಕಣ್ಣುಗಾಜು ಬದಲಿಸಿದೆ, ಅಗಲ ಆಕಾಶದ್ದು, ದಪ್ಪದ್ದು:
ಮತ್ತೆ ಬಾಲ. ಮತ್ತೆ ಮೊದಲಿಂದ.
ಕರು ಹಾಕುವ ಹಸುವಿಗೂ ಇಷ್ಟು ಹೊತ್ತು ಕಾದವನಲ್ಲ ನಾನು.

ಕೊನೆಗೂ ಕೃತ್ತಿಕೆ ಸಿಕ್ಕಿತು, ನಮ್ಮ ಮಾತಿನ ಮಿಚಿದ್.
ಸಿಕ್ಕಿತು ಅನ್ನುವಷ್ಟರಲ್ಲಿ ಗಾಳಿ.
ಚುಕ್ಕೆಗಳೆಲ್ಲ ಕಾದ ಬಾಣಲೆಯ ಸಾಸಿವೆ.
ಉಸಿರು ಹಿಡಿದು ಎಣಿಸಿದೆ, ಒಂದು, ಎರಡು...
ಏಳಕ್ಕೆ ತಣ್ಣಗಾಗುತ್ತಿದ್ದವು,
ಎಂಟಕ್ಕೆ ಮತ್ತೆ ಗಾಳಿ.

ದುಲ್ಮಾ ಬಾಗಿಲಾಚೆ ನಿಂತು ನೋಡುತ್ತಿದ್ದಳು,
ಆಕಾಶವನ್ನಲ್ಲ, ಆ ಮೂರು ಕಾಲುಗಳನ್ನು.
ಮಾತಿಲ್ಲದೆ ಒಳಗೆ ಹೋದಳು.

ಗೆರಿನ ನೆತ್ತಿಯ ಬಳೆಯಿಂದ ಒಂದು ಹಗ್ಗ ಇಳಿಬಿದ್ದಿರುತ್ತದೆ.
ಬಿರುಗಾಳಿಯ ರಾತ್ರಿ ಅದಕ್ಕೆ ಕಲ್ಲು ಕಟ್ಟುತ್ತೇವೆ,
ಮನೆ ಮೇಲೇಳದಿರಲಿ ಎಂದು.
ಆ ಕಲ್ಲನ್ನೇ ಎದೆಗವಚಿ ತಂದಳು,
ಅತ್ತೆಯ ಕಾಲದ್ದು, ಕೈ ತಾಗಿ ತಾಗಿ ನುಣುಪಾದದ್ದು,
ಸುತ್ತಿದ ಒಂಟೆಕೂದಲ ಹುರಿಯ ಸಮೇತ.
'ಇದೂ ಗೆರೇ ಅಲ್ಲವೇನೋ, ಗೋಡೆಯಿಲ್ಲದ್ದು.'

ಕೊಕ್ಕೆತಕ್ಕಡಿಗೆ ಹಾಕಿದೆ: ಒಂಬತ್ತು ಕಿಲೋ.
ಮುರಿದೀತು ಅಂದೆ. ಅವಳು ಕೇಳಿಸಿಕೊಳ್ಳಲಿಲ್ಲ.
ನಡುವಿನ ಕೊಕ್ಕೆಗೆ ತಾನೇ ಬಿಗಿದಳು,
ನೇತಾಡಬಾರದು, ಪೂರಾ ಕೂರಲೂಬಾರದು,
ನೆಲಕ್ಕೆ ತಾಗಿಯೂ ತಾಗದ ಹಾಗೆ.
ಕಾಲುಗಳು ಗರಸಿಗೆ ಕಚ್ಚಿಕೊಂಡವು.
ಗಾಳಿ ಬಂತು. ಒಂದು, ಎರಡು,
ಅಷ್ಟೇ.

ಕಣ್ಣಿಟ್ಟಳು. ಸಂಜೆ ಆಡು ಎಣಿಸುವ ದನಿಯಲ್ಲೇ
ಎಣಿಸತೊಡಗಿದಳು. ಮೂವತ್ತೊಂದು, ಮೂವತ್ತೆರಡು,
'ಏ, ಒಂದು ಬೇಲಿ ದಾಟಿ ಹೋಯಿತು!'
ಭೂಮಿ ತಿರುಗುತ್ತದಲ್ಲ, ಅಂತ ಶುರುಮಾಡಿದೆ.
'ತಿರುಗಲಿ, ನೀನು ಅದನ್ನು ವಾಪಸು ಹೊಡಿ' ಎಂದಳು.

ಮರುದಿನ ನಡುಹಗಲು, ದೂರದ ಬಾವಿಯ ಹತ್ತಿರ
ಲಸಿಕೆಯ ಪೆಟ್ಟಿಗೆ ಎತ್ತಿದರೆ ಕೆಳಗೆ ಕಲ್ಲು.
ಪಡುವಣದ ಆಕಾಶ ಹಳದಿಗಟ್ಟಿತ್ತು.
ಗೋಬಿಯಲ್ಲಿ ಕಲ್ಲಿಗೇನು ಬರ, ಅಂದುಕೊಂಡೆ.
ಅಂದುಕೊಳ್ಳುತ್ತಲೇ ಜೀಪು ತಿರುಗಿಸಿದೆ.

ಗೆರ್ ಇತ್ತು. ಒಳಗೆ, ನೆತ್ತಿಯ ಹಗ್ಗದ ತುದಿಗೆ
ಅವಳ ಮೊಮ್ಮಗ ಬಲ್ದಾನ್, ಏಳು ವರ್ಷದವನು,
ಜೋತುಬಿದ್ದಿದ್ದ. ಗಾಳಿ ಹೊಡೆದಾಗಲೆಲ್ಲ
ಗೇಣುದ್ದ ಮೇಲೇರಿ ಕಿಲಕಿಲ ನಗುತ್ತಿದ್ದ.
ದುಲ್ಮಾ ಕಲ್ಲನ್ನು ಎರಡೂ ಕೈಯಲ್ಲಿ ತೂಗಿ ನೋಡಿದಳು,
ಆಮೇಲೆ ನನ್ನ ಮುಖ ನೋಡಿದಳು,
ರಾತ್ರಿಯಲ್ಲಿ ಚೂರೇನಾದರೂ ಕೆತ್ತಿಕೊಂಡೆನೋ ಎಂಬಂತೆ.

ಚಹಾ ಇದೆ, ಕೂರು, ಎಂದಳು.
ಬಲ್ದಾನ್ ಮಾತ್ರ
ಹಗ್ಗ ಬಿಡಲೊಲ್ಲ.